ಪಿ0299, ಒಂದು ಇಲಿ ಮತ್ತು ಕುಟ್ಟದ ಏರು

ಐಸಿ ಇಂಜಿನ್ ಪೇಪರ್ ಬರೆದು ಪಾಸಾದ ನಮ್ಮಲ್ಲಿ ಎಷ್ಟು ಜನಕ್ಕೆ ಡ್ಯಾಶ್‌ಬೋರ್ಡ್ ಮೇಲಿನ ಆ ಹಳದಿ ದೀಪ ಯಾಕೆ ಉರಿಯುತ್ತೆ ಅಂತ ಗೊತ್ತು? ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಮ್ ನಿದ್ದೆಯಲ್ಲೂ ಬರೀತೀವಿ. ಆದರೆ ಮನೆಯಲ್ಲಿ ಯಾರಾದರೂ "ಲೋ, ಚೆಕ್ ಇಂಜಿನ್ ಲೈಟ್ ಬಂದಿದೆ, ಗಾಡಿ ಎಳೀತಿಲ್ಲ, ನೀನು ಮೆಕ್ಯಾನಿಕಲ್ ಅಲ್ವಾ?" ಅಂದರೆ ನಮ್ಮ ಹತ್ತಿರ ಇರೋದು ಎರಡೇ ಉತ್ತರ. ಒಂದು, "ಸೆನ್ಸರ್ ಪ್ರಾಬ್ಲಂ ಇರಬೇಕು, ಏನಾಗಲ್ಲ." ಇನ್ನೊಂದು, "ಗ್ಯಾರೇಜಿಗೆ ತೋರಿಸಿ." ಹೋದ ಜುಲೈನಲ್ಲಿ ಈ ಎರಡೂ ಉತ್ತರ ನಡೆಯದ ಜಾಗದಲ್ಲಿ ನಾನಿದ್ದೆ. ಜಾಗದ ಹೆಸರು ಕುಟ್ಟ.

ಗೊತ್ತಿಲ್ಲದವರಿಗೆ: ಕುಟ್ಟ ಅಂದರೆ ಕೊಡಗಿನ ದಕ್ಷಿಣದ ತುದಿ. ಒಂದು ಪಕ್ಕಕ್ಕೆ ನಾಗರಹೊಳೆ ಕಾಡು, ಇನ್ನೊಂದು ಪಕ್ಕಕ್ಕೆ ಬ್ರಹ್ಮಗಿರಿ ಸಾಲು, ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ತೋಲ್ಪೆಟ್ಟಿ, ಅಲ್ಲಿಂದ ಕೇರಳದ ವಯನಾಡು. ಇರ್ಪು ಜಲಪಾತ ನೋಡೋಕೆ ಬರೋ ಬೆಂಗಳೂರಿನ ಕಾರುಗಳಿಗೆ ಇದು ಟೀ ಕುಡಿಯೋ ಸ್ಟಾಪು. ನಮ್ಮ ಮಾಮನಿಗೆ ಇದು ಊರು. ಪೇಟೆಯಿಂದ ಒಳಗೆ, ರೊಬಸ್ಟಾ ತೋಟದ ನಡುವೆ ಮನೆ. ಮನೆಯಿಂದ ಟಾರು ರಸ್ತೆಗೆ ಬರೋಕೇ ಒಂದು ಒಳ್ಳೇ ಏರು ಹತ್ತಬೇಕು.

ಆ ಮನೆಯಲ್ಲಿ ಅಜ್ಜಿ ಇದ್ದಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದಕ್ಕೆ ಶ್ರೀಮಂಗಲ, ಪೊನ್ನಂಪೇಟೆ ದಾಟಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಅವರ ಸರದಿ ಬೆಳಗ್ಗೆ ಏಳಕ್ಕೆ. ಅಂದರೆ ಮಳೆಗಾಲದಲ್ಲಿ ಕತ್ತಲಲ್ಲೇ ಹೊರಡಬೇಕು. ಡಯಾಲಿಸಿಸ್ ಅನ್ನೋದು "ಇವತ್ತು ಬೇಡ, ನಾಳೆ ನೋಡೋಣ" ಅನ್ನೋ ಕೆಲಸ ಅಲ್ಲ. ಒಂದು ಸರದಿ ತಪ್ಪಿದರೆ ಕಾಲು ಊದುತ್ತೆ, ಉಸಿರಾಡೋದು ಕಷ್ಟ ಆಗುತ್ತೆ.

ಆ ಕತ್ತಲಿನ ರಸ್ತೆ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಆನೆ ಅನ್ನೋದು ಝೂಗೆ ಸಂಬಂಧಪಟ್ಟ ವಿಷಯ ಅಲ್ಲ. ತೋಟದ ಕೆರೆಗೆ ನೀರು ಕುಡಿಯೋಕೆ ಬರುತ್ತೆ, ಹಲಸಿನ ಕಾಲದಲ್ಲಿ ಮನೆ ಹಿಂದಕ್ಕೇ ಬರುತ್ತೆ. 2023ರ ಫೆಬ್ರವರಿಯಲ್ಲಿ ಕುಟ್ಟದ ಹತ್ತಿರ ತೋಟದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಜೀವ ಹುಲಿಗೆ ಬಲಿಯಾದವು. ಅದಾದ ಮೇಲೆ ಕತ್ತಲಲ್ಲಿ ಗಾಡಿ ನಿಲ್ಲಿಸಿ ಇಳಿಯೋದು ಅಂದರೆ ಮನೆಯವರೆಲ್ಲ ಒಂದು ಸಲ ಯೋಚನೆ ಮಾಡ್ತಾರೆ. ಇಂಥ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮೂವತ್ತರ ಮೇಲೆ ಹೋಗದ ಕಾರಿನಲ್ಲಿ ಕಾಯಿಲೆಯ ಅಜ್ಜಿಯನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಮಾಮ ಎರಡು ವಾರ ಓಡಾಡಿದ್ದರು.

ಕಾರು 2014ರ ಡೀಸೆಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ, ಯಾಕಂದ್ರೆ ಈ ಕಥೆಯಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಸಮತಟ್ಟಿನಲ್ಲಿ ಪರವಾಗಿಲ್ಲ, ಏರು ಬಂತೋ ಉಬ್ಬಸ. ಮೂರನೇ ಗೇರಲ್ಲಿ ಆರಾಮಾಗಿ ಹತ್ತುತ್ತಿದ್ದ ಕಡೆ ಎರಡಕ್ಕೆ, ಕೆಲವು ಕಡೆ ಒಂದಕ್ಕೆ ಇಳಿಸಬೇಕು. ಜೊತೆಗೆ ಹಳದಿ ದೀಪ. ಮಾಮ ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದ್ದರು. ಅವರು ಸ್ಕ್ಯಾನರ್ ಹಾಕಿದರು, ಕೋಡ್ ಏನು ಅಂತ ಹೇಳಲಿಲ್ಲ, ಅಳಿಸಿ ಹಾಕಿದರು. "ಟರ್ಬೋ ಹೋಗಿದೆ ಸಾರ್, ಲೇಬರ್ ಸೇರಿ 42,000 ಆಗುತ್ತೆ" ಅಂದರು. ಮೂರು ದಿನಕ್ಕೆ ದೀಪ ವಾಪಸ್. ಕಾಫಿ ಕುಯ್ಲಿಗೆ ಇನ್ನೂ ಐದಾರು ತಿಂಗಳಿರುವ ಜುಲೈನಲ್ಲಿ ಒಬ್ಬ ಸಣ್ಣ ಬೆಳೆಗಾರನ ಕೈಯಲ್ಲಿ 42,000 ರೂಪಾಯಿ ಸುಮ್ಮನೆ ಕೂತಿರಲ್ಲ. ಗೊಬ್ಬರಕ್ಕೆ ಇಟ್ಟ ದುಡ್ಡಿನಿಂದ ತೆಗೆಯಬೇಕು. ನಾನು ಊರಿಗೆ ಹೋದಾಗ ಮಾಮ ಆ ಲೆಕ್ಕದಲ್ಲೇ ಇದ್ದರು.

ಇಲ್ಲಿ ಸ್ವಲ್ಪ ದೀಪದ ಚರಿತ್ರೆ ಹೇಳಬೇಕು. ಈ ದೀಪ ಹುಟ್ಟಿದ್ದು ನಮ್ಮ ಅನುಕೂಲಕ್ಕಲ್ಲ, ಹೊಗೆ ಹಿಡಿಯೋದಕ್ಕೆ. ಲಾಸ್ ಏಂಜಲೀಸಿನ ಹೊಗೆ ಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾದವರು, ಕಾರು ತನ್ನ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ತಾನೇ ಪರೀಕ್ಷೆ ಮಾಡಿಕೊಂಡು ಕೆಟ್ಟರೆ ದೀಪ ಹಚ್ಚಬೇಕು ಅಂತ ನಿಯಮ ತಂದರು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಬಿಡಿ-2 ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಬಿಎಸ್-4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಒಬಿಡಿ-1, 2013ರ ಏಪ್ರಿಲ್‌ನಿಂದ ಒಬಿಡಿ-2. ಹಾಗಾಗಿ 2014ರ ಮಾಮನ ಕಾರಿನಲ್ಲೂ ಸ್ಟೀರಿಂಗ್ ಕೆಳಗೆ, ಫ್ಯೂಸ್ ಬಾಕ್ಸ್ ಪಕ್ಕದಲ್ಲಿ, 16 ಪಿನ್ನಿನ ಒಂದು ಸಾಕೆಟ್ ಇದೆ. ಆ ಗ್ಯಾರೇಜಿನವರನ್ನು ಬಿಟ್ಟರೆ ಹತ್ತು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಜೇಡ ಮನೆ ಮಾಡಿತ್ತು.

ದೀಪ ಹೇಗೆ ಉರಿಯುತ್ತೆ ಅನ್ನೋದೂ ಮುಖ್ಯ. ಸುಮ್ಮನೆ ಉರಿಯುತ್ತಾ ಇದ್ದರೆ ತಕ್ಷಣ ಗಾಬರಿ ಬೇಡ, ಆದರೆ ನೋಡಿಸಬೇಕು. ಮಿಟುಕುತ್ತಿದ್ದರೆ, ಮುಖ್ಯವಾಗಿ ಪೆಟ್ರೋಲ್ ಕಾರಿನಲ್ಲಿ, ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಟ್ಟು ಹಾಕುತ್ತೆ. ಆಗ ವೇಗ ಕಡಿಮೆ ಮಾಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸೋದು ಒಳ್ಳೇದು. ನಮ್ಮದು ಮಿಟುಕುತ್ತಿರಲಿಲ್ಲ.

ನನ್ನ ಹತ್ತಿರ ಇದ್ದದ್ದು ಪ್ರಾಜೆಕ್ಟಿಗೆ ಅಂತ ತರಿಸಿದ್ದ ಒಂದು ಬ್ಲೂಟೂತ್ ಅಡಾಪ್ಟರ್. ಇಎಲ್‌ಎಂ327 ಅಂತ ಹೇಳಿಕೊಳ್ಳುವ, ಬಹುಶಃ ನಕಲಿ ಚಿಪ್ಪಿನ ಅಗ್ಗದ ಮಾಲು. ಜೊತೆಗೆ ಫೋನಿನಲ್ಲಿ ಉಚಿತ ಆಪ್. ಕೋಡ್ ಬಂತು: ಪಿ0299.

ಈ ಕೋಡುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಓದೋಕೆ ಬಂದರೆ ಸಾಕು. ಮೊದಲಿನ ಪಿ ಅಂದರೆ ಪವರ್‌ಟ್ರೇನ್, ಇಂಜಿನ್ ಮತ್ತು ಗೇರ್‌ಬಾಕ್ಸ್. ಮುಂದಿನ ಸೊನ್ನೆ ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ ಇರೋ ಕೋಡು; ಅಲ್ಲಿ 1 ಇದ್ದರೆ ಕಂಪನಿಯ ಸ್ವಂತದ್ದು. ಅದರ ಮುಂದಿನ ಅಂಕಿ ಯಾವ ವಿಭಾಗ ಅಂತ ಹೇಳುತ್ತೆ: 1, 2 ಗಾಳಿ ಮತ್ತು ಇಂಧನ, 3 ಮಿಸ್‌ಫೈರ್ ಕಡೆಯದು, 4 ಹೊಗೆ ನಿಯಂತ್ರಣ. ಪಿ0299 ಅಂದರೆ ಅಂಡರ್‌ಬೂಸ್ಟ್. ಟರ್ಬೋ ಕೊಡಬೇಕಾದಷ್ಟು ಗಾಳಿಯ ಒತ್ತಡ ಇಂಜಿನ್ನಿಗೆ ಸಿಗುತ್ತಿಲ್ಲ.

ಗಮನಿಸಿ, "ಟರ್ಬೋ ಹೋಗಿದೆ" ಅಂತ ಅದು ಹೇಳ್ತಿಲ್ಲ. "ಗಾಳಿ ಸಾಲ್ತಿಲ್ಲ" ಅಂತಷ್ಟೇ ಹೇಳ್ತಿದೆ. ಮನೆಗೆ ನೀರು ಬರ್ತಿಲ್ಲ ಅಂದ ತಕ್ಷಣ ಬೋರ್‌ವೆಲ್ ಕೊರೆಸೋರು ಯಾರೂ ಇಲ್ಲ. ಮೊದಲು ವಾಲ್ವ್ ನೋಡ್ತೀವಿ, ಪೈಪ್ ನೋಡ್ತೀವಿ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಯಾಕೋ ನೇರ ಬೋರ್‌ವೆಲ್‌ಗೇ ಹೋಗ್ತೀವಿ.

ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಇರುತ್ತೆ. ತೊಂದರೆ ದಾಖಲಾದ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಅನ್ನೋ ಒಂದು ಫೋಟೋ ಇದ್ದ ಹಾಗೆ. ಕೋಡ್ ಅಳಿಸಿದರೆ ಇದೂ ಹೋಗುತ್ತೆ. ಅದಕ್ಕೇ ಬರೆದಿಟ್ಟುಕೊಳ್ಳದೆ ಅಳಿಸಬಾರದು ಅನ್ನೋದು. ಗ್ಯಾರೇಜಿನವರು ಮೊದಲನೆಯದನ್ನು ಅಳಿಸಿದ್ದರು, ಪುಣ್ಯಕ್ಕೆ ಇದು ಎರಡನೆಯದು. 2,150 ಆರ್‌ಪಿಎಂ, ವೇಗ 38, ಕೂಲೆಂಟ್ 84 ಡಿಗ್ರಿ. ಅಂದರೆ ಇಂಜಿನ್ ಬಿಸಿಯಾದ ಮೇಲೆ, ಏರು ಹತ್ತುವಾಗ. ಮಾಮ ಹೇಳ್ತಿದ್ದದ್ದಕ್ಕೆ ಸರಿಯಾಗಿ ಹೊಂದಿತು.

ಸೆನ್ಸರ್ ಸುಳ್ಳು ಹೇಳ್ತಿದೆಯಾ ಅನ್ನೋದು ಮೊದಲ ಅನುಮಾನ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ, ಕೊಡಗಿನಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಮ್ಯಾನಿಫೋಲ್ಡಿನಲ್ಲಿ ಇರೋದು ಹೊರಗಿನ ಗಾಳಿಯೇ. ಮಂಗಳೂರಿನ ಕಡಲ ತೀರದಲ್ಲಾದರೆ ಮ್ಯಾಪ್ ಸೆನ್ಸರ್ ಸುಮಾರು 101 ಕಿಲೋಪ್ಯಾಸ್ಕಲ್ ತೋರಿಸಬೇಕು. ಬೆಟ್ಟದ ಮೇಲೆ ಗಾಳಿ ತೆಳು, ಕಡಿಮೆ ತೋರಿಸಬೇಕು. ಆಪ್‌ನ ಟರ್ಮಿನಲ್‌ನಲ್ಲಿ 01 0ಬಿ ಅಂತ ಕಳಿಸಿದೆ. ಉತ್ತರ: 41 0ಬಿ 5ಬಿ. ಕಂಪ್ಯೂಟರ್ ಸೈನ್ಸಿನ ಗೆಳೆಯರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ: ಕೊನೆಯ ಬೈಟೇ ಒತ್ತಡ. ಹೆಕ್ಸಾಡೆಸಿಮಲ್ 5ಬಿ ಅಂದರೆ 5 ಗುಣಿಸು 16, ಕೂಡಿಸು 11, ಒಟ್ಟು 91. ಕೊಡಗಿನ ಎತ್ತರಕ್ಕೆ ಸರಿಯಾದ ಉತ್ತರ. ಸೆನ್ಸರ್ ಸತ್ಯವಂತ.

ಆಮೇಲೆ ಮಾಮ ಓಡಿಸಿದರು, ನಾನು ಪಕ್ಕದಲ್ಲಿ ಫೋನ್ ಹಿಡಿದು ಕೂತೆ. ಮನೆಯ ಏರಿನಲ್ಲಿ, ಪೆಡಲ್ ಪೂರ್ತಿ ಒತ್ತಿದಾಗ, 2,200 ಆರ್‌ಪಿಎಂನಲ್ಲಿ ಬಂದದ್ದು 6ಎ. ಅಂದರೆ 106. ಹೊರಗಿನ ಗಾಳಿಗಿಂತ ಬರೀ 15 ಹೆಚ್ಚು. ಟರ್ಬೋ ಡೀಸೆಲ್ ಇಂಥ ಹೊತ್ತಲ್ಲಿ ಹೊರಗಿನ ಒತ್ತಡದ ಎರಡರಷ್ಟರ ಹತ್ತಿರ ಕೊಡಬೇಕು. ಗಾಳಿ ಇಲ್ಲದೆ ಡೀಸೆಲ್ ಸುರಿದರೆ ಕಪ್ಪು ಹೊಗೆ, ಆದ್ದರಿಂದ ಇಸಿಯು ಡೀಸೆಲ್ಲನ್ನೂ ಕಡಿಮೆ ಮಾಡುತ್ತೆ. ಪೆಡಲ್ ಒತ್ತಿದರೂ ಕಾರು ಓಡದೇ ಇರೋದು ಇದಕ್ಕೇ. ಅದು ಸೋಮಾರಿತನ ಅಲ್ಲ, ಲೆಕ್ಕಾಚಾರ.

ಟರ್ಬೋಗೂ ಎತ್ತರಕ್ಕೂ ಹಳೇ ನಂಟು. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಅನ್ನೋ ಇಂಜಿನಿಯರ್ ವಿಮಾನದ ಇಂಜಿನ್ನಿಗೆ ಟರ್ಬೋ ಕಟ್ಟಿ, ಅದನ್ನು ಅಮೆರಿಕದ ಪೈಕ್ಸ್ ಪೀಕ್ ಅನ್ನೋ 14,000 ಅಡಿ ಬೆಟ್ಟದ ತುದಿಗೆ ಲಾರಿಯಲ್ಲಿ ಹೊತ್ತುಕೊಂಡು ಹೋಗಿ ಪರೀಕ್ಷೆ ಮಾಡಿದ್ದರು. ತೆಳು ಗಾಳಿಯಲ್ಲಿ ಉಸಿರುಗಟ್ಟುವ ಇಂಜಿನ್ನಿಗೆ ಉಸಿರು ತುಂಬೋದೇ ಅದರ ಕೆಲಸ.

ಸರಿ, ಗ್ಯಾರೇಜಿನವರು ಹೇಳಿದ ಹಾಗೆ ಟರ್ಬೋನೇ ಹೋಗಿರಬಹುದಲ್ಲ? ಹೋಗಿರಬಹುದು. ಆದರೆ ಟರ್ಬೋ ಸುಮ್ಮನೆ ಸಾಯಲ್ಲ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಶಾಫ್ಟ್ ಅದು. ಬೇರಿಂಗ್ ಸವೆದರೆ ಸೈರನ್ ಥರ ಕೂಗುತ್ತೆ, ಸೀಲ್ ಹೋದರೆ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತೆ, ಪೈಪಿನಲ್ಲಿ ಆಯಿಲ್ ತುಂಬಿಕೊಳ್ಳುತ್ತೆ. ನಮ್ಮ ಕಾರಿನಲ್ಲಿ ಕೂಗಿಲ್ಲ, ನೀಲಿ ಹೊಗೆ ಇಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇದ್ದಷ್ಟೇ ಇದೆ. ಇಂಜಿನ್ ತಣ್ಣಗಿದ್ದಾಗ ಇನ್‌ಟೇಕ್ ಪೈಪ್ ಬಿಚ್ಚಿ ಕಂಪ್ರೆಸರ್ ಚಕ್ರ ಬೆರಳಲ್ಲಿ ತಿರುಗಿಸಿದೆವು. ಸಲೀಸಾಗಿ ತಿರುಗಿತು, ಗೋಡೆಗೆ ತಾಗಲಿಲ್ಲ. ಇಷ್ಟು ನೋಡಿದ ಮೇಲೆ 42,000ದ ಅನುಮಾನ ಪಟ್ಟಿಯ ಕೊನೆಗೆ ಹೋಯಿತು.

ಏರ್ ಫಿಲ್ಟರ್ ತೆಗೆದು ನೋಡಿದರೆ ಒದ್ದೆ ಇಲ್ಲ, ಕಟ್ಟಿಕೊಂಡಿಲ್ಲ. ಟರ್ಬೋದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳಲ್ಲಿ ಬಿರುಕು ಇದ್ದರೆ ಅಲ್ಲಿ ಆಯಿಲ್ ಜಿಡ್ಡು ಹೊಸದಾಗಿ ಚಿಮ್ಮಿರುತ್ತೆ. ಅದೂ ಇಲ್ಲ.

ಉಳಿದದ್ದು ಟರ್ಬೋನ ನಿಯಂತ್ರಣ. ಇದು ವಿಜಿಟಿ, ಅಂದರೆ ಟರ್ಬೈನ್ ಸುತ್ತ ಸಣ್ಣ ರೆಕ್ಕೆಗಳ ಒಂದು ಬಳೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ಜೋರಾಗಿ ಚಿಮ್ಮುತ್ತಲ್ಲ, ಹಾಗೆ. ರೆಕ್ಕೆ ಮುಚ್ಚಿದರೆ ಕಡಿಮೆ ಹೊಗೆಯಲ್ಲೂ ಚಕ್ರ ಜೋರಾಗಿ ತಿರುಗುತ್ತೆ. ಆ ಹೆಬ್ಬೆರಳನ್ನು ಎಳೆಯೋದು ಒಂದು ಆಕ್ಚುಯೇಟರ್. ಆಕ್ಚುಯೇಟರನ್ನು ಎಳೆಯೋದು ವ್ಯಾಕ್ಯೂಮ್. ವ್ಯಾಕ್ಯೂಮ್ ಬರೋದು ಇಂಜಿನ್ನಿಗೇ ಜೋಡಿಸಿದ ಒಂದು ಪಂಪಿನಿಂದ, ನಡುವೆ ಒಂದು ಸೊಲೆನಾಯ್ಡ್ ವಾಲ್ವ್, ಎಲ್ಲವನ್ನೂ ಕೂಡಿಸೋದು ಪೆನ್ಸಿಲ್‌ಗಿಂತ ಸಣ್ಣ ರಬ್ಬರ್ ಟ್ಯೂಬ್. ವ್ಯಾಕ್ಯೂಮ್ ಹೋದರೆ ರೆಕ್ಕೆ ಪೂರ್ತಿ ತೆರೆದುಕೊಳ್ಳುತ್ತೆ, ಬೂಸ್ಟ್ ಹೋಗುತ್ತೆ. (ಒತ್ತಡದಿಂದ ಕೆಲಸ ಮಾಡುವ ಹಳೇ ವೇಸ್ಟ್‌ಗೇಟ್ ಟರ್ಬೋಗಳಲ್ಲಿ ಅದೇ ಥರದ ಟ್ಯೂಬ್ ಹರಿದರೆ ಉಲ್ಟಾ: ಬೂಸ್ಟ್ ಮಿತಿ ಮೀರುತ್ತೆ. ವೈವಾದಲ್ಲಿ ಕೇಳೋಕೆ ಒಳ್ಳೇ ಪ್ರಶ್ನೆ.)

ಮಾಮ ಸ್ಟಾರ್ಟ್ ಮಾಡಿದರು. ಆಕ್ಚುಯೇಟರಿನ ಕಡ್ಡಿ ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸ್ಟಾರ್ಟ್ ಆದ ತಕ್ಷಣ ಒಳಕ್ಕೆ ಎಳೆದುಕೊಳ್ಳುತ್ತೆ. ಟಾರ್ಚ್ ಬಿಟ್ಟು ನೋಡಿದೆ. ಅಲುಗಾಡಲಿಲ್ಲ.

ಕಡ್ಡಿ ಜಾಮ್ ಆಗಿದೆಯೋ, ಎಳೆಯೋರಿಲ್ಲವೋ? ವರ್ಕ್‌ಶಾಪಿನಲ್ಲಾದರೆ ಕೈ ವ್ಯಾಕ್ಯೂಮ್ ಪಂಪ್ ಇರುತ್ತೆ. ನಮ್ಮ ಕೊಟ್ಟಿಗೆಯಲ್ಲಿ ದನಕ್ಕೆ ಔಷಧಿ ಕುಡಿಸೋ ದೊಡ್ಡ ಸಿರಿಂಜ್ ಇತ್ತು. ಅದನ್ನೇ ಚೆನ್ನಾಗಿ ತೊಳೆದು, ಸಣ್ಣ ಟ್ಯೂಬ್ ತುಂಡು ಸಿಕ್ಕಿಸಿ ಆಕ್ಚುಯೇಟರಿನಿಂದ ಎಳೆದರೆ ಕಡ್ಡಿ ಮೆಲ್ಲಗೆ ಒಳಗೆ ಹೋಯಿತು, ಹಿಡಿದಷ್ಟು ಹೊತ್ತೂ ಅಲ್ಲೇ ನಿಂತಿತು. ಡಯಾಫ್ರಮ್ ಸರಿ ಇದೆ, ರೆಕ್ಕೆ ಜಾಮ್ ಇಲ್ಲ. ಮಾಮನ ಮುಖದಲ್ಲಿ ಎರಡು ವಾರದಿಂದ ಇಲ್ಲದ ಒಂದು ಬೆಳಕು.

ಇಲ್ಲಿಂದ ಮುಂದೆ ಬೈನರಿ ಸರ್ಚ್. ಆಕ್ಚುಯೇಟರಿಗೆ ಬರುವ ಟ್ಯೂಬಿನ ತುದಿಗೆ ಬೆರಳಿಟ್ಟೆ: ಎಳೆತ ಇಲ್ಲ. ಮಧ್ಯಕ್ಕೆ ಹೋದೆ, ಸೊಲೆನಾಯ್ಡಿಗೆ ಒಳಬರುವ ತುದಿ: ಅಲ್ಲೂ ಇಲ್ಲ. ಅಂದರೆ ಸೊಲೆನಾಯ್ಡಿನ ತಪ್ಪಲ್ಲ, ತೊಂದರೆ ಅದರ ಹಿಂದೆ. ಹಿಂದೆ ಇರೋದು ಎರಡೇ, ಪಂಪ್ ಮತ್ತು ಒಂದು ಟ್ಯೂಬ್. ಪಂಪನ್ನು ಬಿಚ್ಚೋದು ಬೇಕಿರಲಿಲ್ಲ, ಯಾಕಂದ್ರೆ ಬ್ರೇಕ್ ಬೂಸ್ಟರಿಗೂ ವ್ಯಾಕ್ಯೂಮ್ ಕೊಡೋದು ಅದೇ. ಹಾಗಾಗಿ ಈ ಪರೀಕ್ಷೆ ಎರಡು ಕಾರಣಕ್ಕೆ ಬೇಕಿತ್ತು. ಇಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ, ಹಾಗೇ ಕಾಲಿಟ್ಟುಕೊಂಡು ಸ್ಟಾರ್ಟ್ ಮಾಡಿದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯಿತು. ಪಂಪ್ ಬದುಕಿದೆ, ಬ್ರೇಕ್ ಸುರಕ್ಷಿತ.

ಉಳಿದ ಟ್ಯೂಬ್ ಬ್ಯಾಟರಿ ಟ್ರೇ ಹಿಂದೆ ಕತ್ತಲಲ್ಲಿ ಹೋಗುತ್ತಿತ್ತು. ಟ್ರೇ ಬಿಚ್ಚಿದಾಗ ಮೊದಲು ಸಿಕ್ಕಿದ್ದು ತರಗೆಲೆ, ಕಾಫಿ ಸಿಪ್ಪೆ, ಗೋಣಿ ನಾರು. ಯಾರೋ ಸಂಸಾರ ಹೂಡಿದ್ದರು. ಅದರ ಪಕ್ಕದಲ್ಲೇ ಟ್ಯೂಬ್, ಅರ್ಧ ಇಂಚಿನಷ್ಟು ಉದ್ದಕ್ಕೆ ಒಂದು ಬದಿ ಪೂರ್ತಿ ಕಡಿದು ಹಾಕಿದೆ. ಹಲ್ಲಿನ ಗುರುತು ಎಣಿಸಬಹುದಿತ್ತು.

ನಮ್ಮ ಕಡೆ ಮಳೆ ಹಿಡಿದರೆ ಇಲಿಗೂ ಒಣ ಜಾಗ ಬೇಕು. ಕಾರಿನ ಶೆಡ್ಡಿಗೆ ಕಾಫಿ ಕಣ ಅಂಟಿಕೊಂಡಿದೆ, ಗೋಣಿಚೀಲ ಪೇರಿಸೋದು ಅಲ್ಲೇ. ವಾರಕ್ಕೆರಡು ಸಲ ಬಿಸಿಯಾಗಿ ಬಂದು ನಿಲ್ಲೋ ಇಂಜಿನ್ನಿಗಿಂತ ಬೆಚ್ಚಗಿನ ಮನೆ ಎಲ್ಲಿ ಸಿಗುತ್ತೆ?

ಹೊಸ ಟ್ಯೂಬ್ ಗೋಣಿಕೊಪ್ಪಲಿನಲ್ಲಿ ಸಿಗುತ್ತೆ, ಆದರೆ ಮರುದಿನವೇ ಡಯಾಲಿಸಿಸ್. ಕಡಿದ ತುಂಡನ್ನು ಕತ್ತರಿಸಿ ತೆಗೆದು, ಬೋರ್ಡೋ ಹೊಡೆಯೋ ಹಳೇ ಸ್ಪ್ರೇಯರಿನ ಹಿತ್ತಾಳೆ ಪೈಪಿನ ಒಂದೂವರೆ ಇಂಚು ಗರಗಸದಲ್ಲಿ ಕೊಯ್ದು, ಅಂಚು ಉಜ್ಜಿ, ಎರಡೂ ತುದಿಗೆ ಟ್ಯೂಬ್ ಬಿಗಿಯಾಗಿ ತುರುಕಿದೆವು. ಪೆಟ್ರೋಲ್ ಪೈಪಿನ ಥರದ ಮೆತ್ತನೆ ಟ್ಯೂಬ್ ಹಾಕಿದರೆ ವ್ಯಾಕ್ಯೂಮಿಗೆ ಒಳಕ್ಕೆ ಕುಸಿದು ಮುಚ್ಚಿಕೊಳ್ಳಬಹುದು, ದಪ್ಪ ಗೋಡೆಯದ್ದೇ ಬೇಕು. ಸ್ಟಾರ್ಟ್ ಮಾಡಿದರೆ ಕಡ್ಡಿ ಟಕ್ ಅಂತ ಒಳಗೆ.

ಅದೇ ಏರು, ಅದೇ ಮೂರನೇ ಗೇರ್. ನಾನು ಮತ್ತೆ ಫೋನ್ ಹಿಡಿದು 01 0ಬಿ ಕಳಿಸ್ತಾ ಕೂತೆ. ಕಾರು ಸೀಟಿಗೆ ಒರಗುವಷ್ಟು ಎಳೆಯಿತು. ಪರದೆ ಮೇಲೆ ಬಂದ ಅತಿ ಹೆಚ್ಚು ಒತ್ತಡ: 41 0ಬಿ ಬಿಇ. ಹನ್ನೊಂದು ಗುಣಿಸು ಹದಿನಾರು, ಕೂಡಿಸು ಹದಿನಾಲ್ಕು, 190 ಕಿಲೋಪ್ಯಾಸ್ಕಲ್. ನನಗಿಂತ ಮೊದಲು ಕಾರೇ ಬಿಇ ಮಾಡಿಕೊಂಡಿತು ಅಂತ ಮಾಮನಿಗೆ ಹೇಳಿದೆ. ಅವರಿಗೆ ಜೋಕ್ ಅರ್ಥವಾಗಲಿಲ್ಲ, ಆದರೆ ನಗುತ್ತಲೇ ಇದ್ದರು.

ಮರುದಿನ ಬೆಳಗ್ಗೆ ಅಜ್ಜಿ ಜೊತೆ ನಾನೂ ಹೋದೆ. ಶ್ರೀಮಂಗಲ ತಲುಪುವ ಮೊದಲೇ ಅಜ್ಜಿ ನಿದ್ದೆ ಹೋಗಿದ್ದರು. ಎರಡು ವಾರದಿಂದ ಆ ರಸ್ತೆಯಲ್ಲಿ ಅವರು ಕಣ್ಣು ಮುಚ್ಚಿರಲಿಲ್ಲ ಅಂತ ಅತ್ತೆ ಹೇಳಿದರು. ಪ್ರತಿ ಏರಿನಲ್ಲೂ ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಂಡು ಕೂತಿರುತ್ತಿದ್ದರಂತೆ. ಬರುವಾಗ ಗೋಣಿಕೊಪ್ಪಲಿನಲ್ಲಿ ಹೊಸ ವ್ಯಾಕ್ಯೂಮ್ ಟ್ಯೂಬ್ ತಗೊಂಡೆವು, ಒಂದು ಮೀಟರಿಗೆ 180 ರೂಪಾಯಿ.

ದೀಪವನ್ನು ನಾವು ಆಪ್‌ನಿಂದ ಅಳಿಸಲಿಲ್ಲ. ರಿಪೇರಿ ನಿಜವಾಗಿದ್ದರೆ ಅದು ತಾನೇ ಆರಬೇಕು. ತೊಂದರೆ ಕಾಣದೆ ಸಾಮಾನ್ಯವಾಗಿ ಮೂರು ಡ್ರೈವ್ ಸೈಕಲ್ ಕಳೆದರೆ ಇಸಿಯು ದೀಪ ಆರಿಸುತ್ತೆ, ಕೋಡ್ ಮಾತ್ರ ಇನ್ನೂ ಸ್ವಲ್ಪ ಕಾಲ ನೆನಪಿನಲ್ಲಿರುತ್ತೆ. ಮಾಮನಿಗೆ ಈ ಕಾಯೋದು ಇಷ್ಟವಿರಲಿಲ್ಲ. ಆದರೆ ಆ ವಾರದ ಎರಡನೇ ಡಯಾಲಿಸಿಸ್‌ಗೆ ಹೋಗಿ ಬಂದ ಸಂಜೆ ಅವರೇ ಶೆಡ್ಡಿನಿಂದ ಕೂಗಿದರು, ಆರಿದೆ ಅಂತ.

ಶೆಡ್ಡಿನಿಂದ ಗೋಣಿಚೀಲ ಬೇರೆ ಕಡೆ ಹೋದವು. ರಾತ್ರಿ ಬಾನೆಟ್ ತೆರೆದಿಡ್ತಾರೆ, ಇಲಿಗೆ ಕತ್ತಲಿನ ಗೂಡು ಸಿಗದಿರಲಿ ಅಂತ. ಪುದೀನ ಎಣ್ಣೆ, ಹೊಗೆಸೊಪ್ಪು, ಮೆಣಸಿನ ಪುಡಿ ಅಂತ ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ನನಗೆ ಇದರಲ್ಲಿ ಯಾವುದರ ಮೇಲೂ ದೊಡ್ಡ ನಂಬಿಕೆ ಇಲ್ಲ. ವಾರಕ್ಕೊಂದು ಸಲ ಟಾರ್ಚ್ ಬಿಟ್ಟು ನೋಡೋದರ ಮೇಲೆ ಇದೆ.

ಅಡಾಪ್ಟರನ್ನು ಅಲ್ಲೇ ಬಿಟ್ಟು ಬಂದೆ. ಮಾಮ ಈಗ ಅಕ್ಕಪಕ್ಕದ ತೋಟದವರ ಕಾರಿಗೂ ಅದನ್ನು ಹಾಕಿ ನೋಡ್ತಾರೆ, ಕೋಡ್ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಾರೆ, ಅದೂ ಇಂಟರ್ನಲ್ಸ್ ನಡೀತಿರುವಾಗಲೇ. ಹೋದ ವಾರ ಫೋನ್ ಬಂತು: ಒಬ್ಬರು ಜೀಪ್ ತಂದಿದ್ದಾರೆ, ಏರಿನಲ್ಲಿ ಎಳೀತಿಲ್ಲವಂತೆ, ಆದರೆ ಸಾಕೆಟ್ ಎಲ್ಲಿದೆ ಅಂತ ಅರ್ಧ ಗಂಟೆಯಿಂದ ಹುಡುಕ್ತಿದ್ದೀವಿ, ಸಿಕ್ತಿಲ್ಲ. ಯಾವ ವರ್ಷದ ಜೀಪು ಅಂತ ಕೇಳಿದೆ. 1986.